ಕ್ಯಾಪ್ಸೂಲಿನ ಸಿಪ್ಪೆ

ಟಿಳಕವಾಡಿ, ಬೆಳಗಾವಿ
12 ಜೂನ್ 2023

ಪೂಜ್ಯ ಪ್ರಮಿಳಾ ಅತ್ಯಾ ಅವರಿಗೆ ಸ್ನೇಹಲಳ ಜಯಜಿನೇಂದ್ರ.

ನಿನ್ನೆ ಹಲಸಿಯಿಂದ ಬೆಳಗಾವಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಆದರೂ ಕಾಲು ನೋಯಲಿಲ್ಲ. ನಮ್ಮ ಸಂಸ್ಥೆಯ ದೊಡ್ಡ ಡಾಕ್ಟರುಗಳು ಎಷ್ಟು ಓಡಾಡಿದರೂ ಖಾನಾಪುರ ತಾಲೂಕಿನಲ್ಲಿ ಹತ್ತು ಜನ ಕೂಡಿರಲಿಲ್ಲ. ನೀವು ಬಸದಿಯ ಕಟ್ಟೆಯ ಮೇಲೆ ನಿಂತು "ಬರ್ರಿ, ಕುಂದರ್ರಿ, ನಮ್ಮ ನೇಮಣ್ಣನ ಮಗಳ ಮಾತ ಕೇಳ್ರಿ" ಎಂದು ಗದರಿಸಿದ್ದೇ ತಡ, ನಿಮ್ಮನ್ನೂ ಸೇರಿಸಿ ಎರಡೂ ಓಣಿಯ ನಲವತ್ತು ಹೆಣ್ಣುಮಕ್ಕಳು ಹೆಸರು ಕೊಟ್ಟರು. ನಿವೃತ್ತಿಯಾದರೂ ಟೀಚರಿಗೆ ಊರು ಈಗಲೂ ಹೆದರುತ್ತದೆ!

ಗೌರೀಶ ಸರ್ ಹಿಗ್ಗಿಹೋಗಿದ್ದಾರೆ. ಅವರೇ ನನ್ನ ಗೈಡ್, ಈ ಪ್ರಯೋಗದ ಯಜಮಾನರು. ಊಟ ಒಂದೇ ಥರ ಇರಬೇಕು, ಮಾಂಸ ಮೊಟ್ಟೆ ಮುಟ್ಟದ ಮನೆತನಗಳೇ ಬೇಕು ಎಂದು ಅವರ ಹಟವಿತ್ತು. ಒಂದು ಗುಂಪು ಇಲ್ಲೇ ಟಿಳಕವಾಡಿಯಲ್ಲಿ ಸಿಕ್ಕಿತ್ತು, ಇನ್ನೊಂದಕ್ಕೆ ಹಲಸಿಯ ಜೈನರ ಓಣಿ, ಲಿಂಗಾಯತರ ಓಣಿ ಹುಡುಕಿಕೊಂಡು ಬಂದೆ. ಮುಟ್ಟು ನಿಂತ ಹೆಣ್ಣುಮಕ್ಕಳ ಎಲುಬು ಒಳಗೊಳಗೇ ಟೊಳ್ಳಾಗುವುದನ್ನು ಈ ಔಷಧ ತಡೆಯುತ್ತದೋ ಇಲ್ಲವೋ ಎಂಬುದೇ ನಮ್ಮ ಪರೀಕ್ಷೆ. ಇಲಿಗಳಲ್ಲಿ ತಡೆದಿದೆ, ಮನುಷ್ಯರಲ್ಲಿ ತಡೆಯಬೇಕು. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಬರೀ ಪುಡಿ. ಯಾರಿಗೆ ಯಾವುದು ಎಂದು ನನಗೂ ಗೊತ್ತಿಲ್ಲ.

ಪ್ರಯೋಗಾಲಯದವರು ಗುಳಿಗೆ ನುಂಗುವವರನ್ನು ಭೇಟಿಯಾಗುವ ಹಾಗಿಲ್ಲವಂತೆ. ಹಾಗಾಗಿ ಇದು ಮುಗಿಯುವವರೆಗೆ ನಾನು ಊರಿಗೆ ಬರುವುದಿಲ್ಲ. ನಾಗರತ್ನಾ ಸಿಸ್ಟರ್ ತಿಂಗಳಿಗೊಮ್ಮೆ ಬಂದು ಖಾಲಿ ಡಬ್ಬಿ ಒಯ್ದು ತುಂಬಿದ ಡಬ್ಬಿ ಕೊಡುತ್ತಾರೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಪತ್ರ ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲ, ಬರೆಯುತ್ತಿರೋಣ.

ಅತ್ಯಾ, ಒಂದು ಮಾತು. ನನ್ನ ಫೆಲೋಶಿಪ್ ಬರುವ ಮಾರ್ಚಿಗೆ ಮುಗಿಯುತ್ತದೆ. ಈ ಪ್ರಯೋಗ ದಡ ಸೇರಿದರೆ ಸಂಸ್ಥೆಯಲ್ಲಿ ಖಾಲಿ ಇರುವ ವಿಜ್ಞಾನಿ ಹುದ್ದೆ ನನ್ನದು ಎಂದು ಸರ್ ಬಾಯಿಬಿಟ್ಟು ಹೇಳಿದ್ದಾರೆ. ಒಂದು ಊರು ಕೈಕೊಟ್ಟರೂ ಎಲ್ಲ ಮುಗಿಯಿತು. ಮೂವತ್ತಮೂರು ದಾಟಿತು ನನಗೆ, ಇನ್ನೊಂದು ಪ್ರಯೋಗಕ್ಕೆ ಕಾಯುವ ವಯಸ್ಸಲ್ಲ. ನಿನ್ನೆ ಅಳೆದು ನೋಡಿದಾಗ ನಿಮ್ಮ ಬಾಜು ಓಣಿಯ ಅಕ್ಕವ್ವನ ಎಲುಬು ಎಲ್ಲರಿಗಿಂತ ಕೆಟ್ಟಿದೆ, ಅವರನ್ನು ಮಾತ್ರ ತಪ್ಪಲು ಬಿಡಬೇಡಿ.

ನಿಮ್ಮ ಸ್ನೇಹಲ


ಹಲಸಿ
20 ಜೂನ್ 2023

ಚಿ. ಸ್ನೇಹಲಳಿಗೆ ಅತ್ಯಾಳ ಆಶೀರ್ವಾದಗಳು.

ನಿನ್ನ ಪತ್ರವನ್ನು ಅಕ್ಕವ್ವನಿಗೆ ಓದಿ ಹೇಳಿದೆ. ತನ್ನ ಎಲುಬೇ ಎಲ್ಲರಿಗಿಂತ ಕೆಟ್ಟಿದೆ ಎಂದಾಗ ಅವಳಿಗೆ ಏನೋ ಬಹುಮಾನ ಬಂದಷ್ಟು ಸಂತೋಷ. ಓಣಿಯ ತುಂಬ ಹೇಳಿಕೊಂಡು ಬಂದಳು.

ಹೊತ್ತು ಮುಳುಗುವ ಮೊದಲಿನ ಊಟವಾದ ಮೇಲೆ ಎಲ್ಲರೂ ನಮ್ಮ ಪಡಸಾಲೆಗೆ ಬರುತ್ತಾರೆ. ನಾನು ಹಾಜರಿ ಕೂಗುತ್ತೇನೆ, ಒಬ್ಬೊಬ್ಬರಾಗಿ ನನ್ನೆದುರಿಗೇ ಕ್ಯಾಪ್ಸೂಲು ನುಂಗುತ್ತಾರೆ. ಮುಂದಿನ ಓಣಿಯ ಹೆಣ್ಣುಮಗಳೊಬ್ಬಳು "ಇವತ್ತ ಬ್ಯಾಡ್ರಿ, ನಾಳೆ ಎರಡು ನುಂಗತೀನ್ರಿ" ಎಂದಳು. ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದು ಹೆದರಿಸಿದೆ.

ಮೊದಲ ದಿನ ಅಕ್ಕವ್ವ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಟೀಚರ, ಇದರಾಗ ಏನೇನ ಹಾಕ್ಯಾರ ಒಂದೀಟ ಕೇಳ್ರಿ. ನಾವು ಲಿಂಗಾ ಕಟ್ಟಿದವರು" ಎಂದಳು. ನನಗೆ ಸಿಟ್ಟೇ ಬಂತು. "ನಮ್ಮ ಹುಡುಗಿ ಅದಾಳ ಅಲ್ಲಿ. ನಾವು ತಿನ್ನಬಾರದ್ದು ಆಕಿ ನಮ್ಮ ಬಾಯಾಗ ಹಾಕ್ತಾಳೇನ?" ಎಂದೆ. ಅಕ್ಕವ್ವ ನುಂಗಿ ನೀರು ಕುಡಿದಳು.

ನಿನ್ನ ಅಪ್ಪ ನೇಮಣ್ಣ ಬಂದಿದ್ದ. "ಇನ್ನೂ ಎಷ್ಟ ವರ್ಷ ಸಾಲಿ ಕಲೀತಾಳಕ್ಕಾ ಇವಳು?" ಎಂದು ಹಲುಬಿದ. "ಅದು ಸಾಲಿ ಅಲ್ಲಪಾ, ನೌಕರಿ" ಎಂದೆ. "ನೌಕರಿ ಆದರ ಪಗಾರ ಯಾಕ ಆರು ತಿಂಗಳಿಗೊಮ್ಮೆ ಬರತದ?" ಎಂದು ಕೇಳಿದ. ಅದಕ್ಕೆ ಉತ್ತರ ನೀನೇ ಬರೆ.

ಪ್ರಮಿಳಾ ಅತ್ಯಾ


ಬೆಳಗಾವಿ
3 ಜುಲೈ 2023

ಅತ್ಯಾ, ಜಯಜಿನೇಂದ್ರ.

ಪಗಾರ ತಡವಾಗುವುದು ದಿಲ್ಲಿಯಿಂದ. ಇಲ್ಲಿ ಎಲ್ಲರಿಗೂ ಹಾಗೇ. ಅಪ್ಪನಿಗೆ ನಾನೇ ತಿಳಿಸಿ ಹೇಳುತ್ತೇನೆ.

ಹಾಜರಿಯ ಸುದ್ದಿ ಸರ್‌ಗೆ ಹೇಳಿದೆ. "ನಿಮ್ಮ ಅತ್ತೆಗೆ ನಮ್ಮ ಸಂಸ್ಥೆಯಲ್ಲೇ ಕೆಲಸ ಕೊಡೋಣ" ಎಂದು ನಕ್ಕರು. ಅಕ್ಕವ್ವನಿಗೆ ಇಷ್ಟು ಹೇಳಿ: ಒಳಗಿರುವುದು ಗಿಡದ ಎಲೆಯ ಸಾರ, ಬೇರೇನೂ ಇಲ್ಲ. ಅಷ್ಟು ಸಾಕು.

ಈಗ ಹನ್ನೆರಡು ತಾಸು ಪ್ರಯೋಗಾಲಯದಲ್ಲೇ. ಪತ್ರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಸ್ನೇಹಲ


ಬೆಳಗಾವಿ
9 ಸೆಪ್ಟೆಂಬರ್ 2023

ಅತ್ಯಾ, ಜಯಜಿನೇಂದ್ರ.

ನಿಮ್ಮಿಂದ ಎರಡು ತಿಂಗಳಿಂದ ಪತ್ರವಿಲ್ಲ. ಆರೋಗ್ಯವೇ?

ಒಂದು ವಿಚಿತ್ರ ಕಂಡಿದೆ. ನಾಗರತ್ನಾ ಸಿಸ್ಟರ್ ಕಳಿಸಿದ ತೂಕ ನೋಡಿದರೆ ಹಲಸಿಯವರು ಬಹಳ ಮಂದಿ ಇಳಿದುಹೋಗಿದ್ದೀರಿ. ಟಿಳಕವಾಡಿಯ ಗುಂಪಿನಲ್ಲಿ ಹಾಗಿಲ್ಲ. ಸರ್ ಕಣ್ಣು ಅರಳಿಸಿ, "ಎಲುಬಿಗೆ ಕೊಟ್ಟ ಔಷಧ ಬೊಜ್ಜಿಗೂ ನಾಟುತ್ತದೆಯೇ? ಹಾಗಾದರೆ ಇದು ಇನ್ನೊಂದು ಪೇಪರ್!" ಎಂದರು. ನನಗೆ ಸ್ವಲ್ಪ ಭಯ. ಹಸಿವೆ ಸತ್ತಿದೆಯೇ? ಹೊಟ್ಟೆ ತೊಳಸುತ್ತದೆಯೇ? ಗುಳಿಗೆ ತಪ್ಪದೆ ನಡೆದಿದೆ ತಾನೇ?

ಸ್ನೇಹಲ


ಹಲಸಿ
17 ಸೆಪ್ಟೆಂಬರ್ 2023

ಚಿ. ಸ್ನೇಹಲ, ಆಶೀರ್ವಾದಗಳು.

ಎಲ್ಲರೂ ಆರಾಮ. ಈ ಸಲ ಚಾತುರ್ಮಾಸಕ್ಕೆ ನಮ್ಮೂರಿಗೆ ಮಾತಾಜಿಯವರು ಬಂದಿದ್ದಾರೆ. ದಿನಾ ಪ್ರವಚನ, ವ್ರತ, ನೇಮ. ಹೆಣ್ಣುಮಕ್ಕಳು ಊಟ ಕಡಿಮೆ ಮಾಡಿದ್ದಾರೆ. ತೂಕ ಇಳಿದಿದ್ದರೆ ಅದರಿಂದಲೇ ಇರಬೇಕು. ನಿಮ್ಮ ಸರ್‌ಗೆ ಹಾಗೆ ಹೇಳು.

ಡಬ್ಬಿಗಳೆಲ್ಲ ಖಾಲಿಯಾಗಿಯೇ ವಾಪಸು ಹೋಗುತ್ತಿವೆ. ನಾಗರತ್ನಾ ಎಣಿಸಿಕೊಂಡೇ ಒಯ್ಯುತ್ತಾಳೆ. ನಿನ್ನ ಕೆಲಸಕ್ಕೆ ನಮ್ಮಿಂದ ಕುಂದು ಬರುವುದಿಲ್ಲ. ನೀನು ಹೊತ್ತು ಹೊತ್ತಿಗೆ ಉಣ್ಣು.

ಪ್ರಮಿಳಾ ಅತ್ಯಾ


ಬೆಳಗಾವಿ
11 ಫೆಬ್ರುವರಿ 2024

ಅತ್ಯಾ,

ನಿನ್ನೆ ಸೀಲು ಒಡೆದು ಯಾರಿಗೆ ಔಷಧ, ಯಾರಿಗೆ ಪುಡಿ ಎಂದು ನೋಡಿದೆವು. ಟಿಳಕವಾಡಿಯಲ್ಲಿ ಔಷಧ ಪಡೆದವರ ಎಲುಬು ನಿಜವಾಗಿಯೂ ಗಟ್ಟಿಯಾಗಿದೆ. ಐದು ವರ್ಷ ಕಾದ ಫಲ ಕಣ್ಣೆದುರಿಗಿತ್ತು. ಆಮೇಲೆ ಹಲಸಿಯ ರಕ್ತ ಪರೀಕ್ಷೆ ಬಂತು. ಔಷಧದ ಡಬ್ಬಿ ಒಯ್ದ ಇಪ್ಪತ್ತು ಜನರಲ್ಲಿ ಒಬ್ಬರ ರಕ್ತದಲ್ಲೂ ಔಷಧದ ಸುಳಿವಿಲ್ಲ. ಒಬ್ಬರಲ್ಲೂ ಇಲ್ಲ ಅತ್ಯಾ! ನಿಮ್ಮ ರಕ್ತದಲ್ಲೂ ಇಲ್ಲ.

ಮಷೀನು ಕೆಟ್ಟಿದೆ ಎಂದು ನಾನು ಸರ್ ಜೊತೆ ಜಗಳಾಡಿದೆ. "ನಮ್ಮ ಅತ್ಯಾ ಸುಳ್ಳು ಹೇಳುವವರಲ್ಲ" ಎಂದು ಎಲ್ಲರ ಮುಂದೆ ಹೇಳಿದೆ. ಎರಡನೆಯ ಸಲ ಪರೀಕ್ಷೆ ಮಾಡಿದರು. ಅದೇ ಬಂತು. ಜೂನಿಯರ್ ಹುಡುಗಿಯರು ನನ್ನ ಮುಖ ನೋಡದೆ ಎದ್ದುಹೋದರು.

ಡಬ್ಬಿ ಖಾಲಿ ಮಾಡಿ ಎಲ್ಲಿ ಸುರಿದಿರಿ? ನಲವತ್ತು ಜನ ಕೂಡಿ ನನ್ನನ್ನು ಯಾಕೆ ಹೀಗೆ ಮಣ್ಣುಪಾಲು ಮಾಡಿದಿರಿ? ಬೇಡ ಎಂದಿದ್ದರೆ ಒಂದು ಕಾರ್ಡು ಬರೆಯಲಾಗುತ್ತಿರಲಿಲ್ಲವೇ? ಮಾರ್ಚ್ ಬಂತು. ನನ್ನ ಹುದ್ದೆಗೆ ಈಗ ಹೈದರಾಬಾದಿನವರೊಬ್ಬರ ಹೆಸರು ಓಡಾಡುತ್ತಿದೆ. ಉತ್ತರ ಬರೆಯಿರಿ.

ಸ್ನೇಹಲ


ಹಲಸಿ
16 ಫೆಬ್ರುವರಿ 2024

ಸ್ನೇಹಲ,

ಬೂದಿಗುಂಡಿಯಲ್ಲಿ ಹೂಳಿದೆವು. ಎಲ್ಲರದೂ ನಮ್ಮ ಹಿತ್ತಲಲ್ಲೇ.

ಕಳೆದ ಆಗಸ್ಟಿನಲ್ಲಿ ಮಾತಾಜಿಯವರು ಪ್ರವಚನದಲ್ಲಿ ಔಷಧಗಳ ಮಾತು ತೆಗೆದರು. ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಎಲುಬು, ತೊಗಲು ಕುದಿಸಿ ಮಾಡುತ್ತಾರೆ, ನೋಡಿ ತೆಗೆದುಕೊಳ್ಳಿ ಎಂದರು. ನನ್ನ ಮಂದ ಕಿವಿಗೆ ಅದೊಂದು ಸ್ಪಷ್ಟವಾಗಿ ಕೇಳಿಸಿತು. ಗುಳಿಗೆ ನುಂಗಿದವರೆಲ್ಲ ತಿರುಗಿ ನನ್ನನ್ನು ನೋಡಿದರು. ಮನೆಗೆ ಬಂದು ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡೆ. ಎಂದೋ ನುಂಗಿದ್ದು ಈಗ ಹೊರಗೆ ಬರುತ್ತದೆಯೇ ಹುಚ್ಚಿಗೆ!

ಅದುವರೆಗೆ ತಿಂದ ತಪ್ಪಿಗೆ ಪ್ರಾಯಶ್ಚಿತ್ತ ಬೇಡಿದೆವು. ಒಂದು ದಿನ ಊಟ, ಒಂದು ದಿನ ಉಪವಾಸ. ಅಕ್ಕವ್ವನ ಓಣಿಯವರಿಗೆ ನಮ್ಮ ನೇಮವಿಲ್ಲ, ಆದರೂ "ನಾವೂ ತಿಂದೇವಲ್ರಿ" ಎಂದು ಅವರೂ ಹಿಡಿದರು. ನಿಮ್ಮ ಸರ್ ಕಣ್ಣು ಅರಳಿಸಿದರಲ್ಲ, ತೂಕ ಇಳಿಯಿತು ಎಂದು? ಆ ತೂಕ ಇದು.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಒಂದು ಊರು ಕೈಕೊಟ್ಟರೆ ಎಲ್ಲ ಮುಗಿಯಿತು ಎಂದು ಬರೆದವಳು ನೀನು. ಬಿಟ್ಟೆವು ಎಂದರೆ ನಿನ್ನ ನೌಕರಿ ಹೋಗುತ್ತದೆ, ನುಂಗಿದರೆ ನಮ್ಮ ಧರ್ಮ ಹೋಗುತ್ತದೆ. ಖಾಲಿ ಡಬ್ಬಿ ಕೊಟ್ಟರೆ ಎರಡೂ ಉಳಿಯುತ್ತವೆ ಎಂದುಕೊಂಡೆವು. ರಕ್ತದಲ್ಲಿ ಔಷಧವನ್ನು ಹುಡುಕುತ್ತಾರೆ ಎಂದು ನಮಗೇನು ಗೊತ್ತು? ಎಲುಬು ನೋಡುತ್ತಾರೆ ಎಂದಷ್ಟೇ ನೀನು ಹೇಳಿದ್ದೆ.

ಈಗ ನಾನು ಕೇಳುತ್ತೇನೆ. ಸಿಪ್ಪೆ ಯಾತರದು ಎಂದು ನಿನಗೆ ಗೊತ್ತಿತ್ತೋ ಇಲ್ಲವೋ? ಅಕ್ಕವ್ವ ಕೇಳಿದಾಗ "ಒಳಗಿರುವುದು" ಎಲೆಯ ಸಾರ ಎಂದು ಬರೆದೆ. ಆ ಸಾಲನ್ನು ಈಗ ಓದಿದರೆ ಮೈ ಉರಿಯುತ್ತದೆ. ಮಾಂಸ ತಿನ್ನದವರು ಬೇಕಂತ ಹುಡಿಕ್ಕೋಂತ ಬಂದಾಕಿ ನೀನ. ಹುಡುಕಿ, ಕುಂದ್ರಿಸಿ, ಅವರ ಬಾಯಾಗ ಎಲುಬು ಹಾಕಿದಿ. ನಾನು ನಿಂತು ಹಾಜರಿ ಕೂಗಿದೆ ಬ್ಯಾರೆ!

ಪ್ರಮಿಳಾ


ಬೆಳಗಾವಿ
2 ಮಾರ್ಚ್ 2024

ಅತ್ಯಾ,

ಹೌದು, ಗೊತ್ತಿತ್ತು. ಹೇಳಿದ್ದರೆ ಒಬ್ಬರಾದರೂ ಬರುತ್ತಿದ್ದಿರಾ?

ಸಸ್ಯದ ಸಿಪ್ಪೆ ತರಿಸೋಣ ಎಂದು ಮೊದಲೇ ಸರ್‌ಗೆ ಕೇಳಿದ್ದೆ. ಮಾಲು ಆಗಲೇ ತಯಾರಾಗಿದೆ, ಬದಲಿಸಿದರೆ ಒಂದು ವರ್ಷ ಹೋಗುತ್ತದೆ ಎಂದರು. "ನೀನು ವಿಜ್ಞಾನಿಯೋ ಬಸದಿಯ ಶ್ರಾವಕಿಯೋ, ಮೊದಲು ತೀರ್ಮಾನ ಮಾಡಿಕೋ" ಎಂದು ಎಲ್ಲರ ಮುಂದೆ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಲ್ಲಿ ನಿಲ್ಲಲಾಗುವುದಿಲ್ಲ ಅತ್ಯಾ. ಇಲಿ ಕೊಂದ ದಿನ ಮೊದಲ ವರ್ಷ ನಾನು ಊಟ ಬಿಡುತ್ತಿದ್ದೆ. ಎರಡನೆಯ ವರ್ಷದಿಂದ ಉಂಡೆ. ಯಾರಿಗೂ ಹೇಳಿಲ್ಲ, ಅಪ್ಪನಿಗೂ. ನೀವು ಹಾಳು ಮಾಡಿದ್ದು ನಿಮ್ಮ ನಾಲ್ಕು ಕ್ಯಾಪ್ಸೂಲಲ್ಲ, ನನ್ನ ಐದು ವರ್ಷ.

ಒಂದು ದಾರಿ ಇದೆ. ಹಲಸಿಯ ಗುಂಪನ್ನು ಲೆಕ್ಕದಿಂದ ತೆಗೆದರೆ ಟಿಳಕವಾಡಿಯ ಫಲಿತಾಂಶ ಒಂದೇ ಸಾಕು, ಪೇಪರ್ ಅಚ್ಚಾಗುತ್ತದೆ, ಹುದ್ದೆಯೂ ಕೈಗೆ ಬರುತ್ತದೆ ಎಂದಿದ್ದಾರೆ ಸರ್. ಅದಕ್ಕೆ ನಿಮ್ಮದೊಂದು ಹೇಳಿಕೆ ಬೇಕು. "ನಾವು ನಾವಾಗಿಯೇ ಔಷಧ ಬಿಟ್ಟೆವು, ಪ್ರಯೋಗದಲ್ಲಿ ಆಸಕ್ತಿ ಉಳಿಯಲಿಲ್ಲ" ಎಂದು ಬರೆದು ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿ ಕಳಿಸಬೇಕು. ಸಿಪ್ಪೆಯ ಮಾತು ಬೇಡ. ಅದು ಬಂದರೆ ವಿಚಾರಣೆ ಆಗುತ್ತದೆ, ಸರ್ ಪಾರಾಗುತ್ತಾರೆ, ನಾನು ಆಗುವುದಿಲ್ಲ.

ಕಾಲಿಗೆ ಬೀಳುತ್ತೇನೆ ಅತ್ಯಾ. ಇದೊಂದು ಮಾಡಿ.

ಸ್ನೇಹಲ


ಹಲಸಿ
14 ಮಾರ್ಚ್ 2024

ಸ್ನೇಹಲ,

ಹೇಳಿಕೆ ಈ ಪತ್ರದ ಜೊತೆಗಿದೆ. ಎಲ್ಲರದೂ ಇದೆ.

ನಾನು ಬರೆಯುವುದಿಲ್ಲ ಎಂದಿದ್ದೆ. ಉಪವಾಸವಿದ್ದು ಸವೆದ ಹೆಣ್ಣುಮಕ್ಕಳಿಗೆ ಆಸಕ್ತಿ ಇರಲಿಲ್ಲ ಎಂದು ಹೇಗೆ ಬರೆಯಲಿ? ಸಾಲೆಯಲ್ಲಿ ಒಂದು ಸುಳ್ಳು ಹಾಜರಿ ಹಾಕಿದವಳಲ್ಲ ನಾನು. ಅಕ್ಕವ್ವನೇ ಕೈ ಹಿಡಿದು ಕೂರಿಸಿದಳು. "ಬಿಟ್ಟೇವಿ ಅಂತ ಬರದರ ಹುಡುಗಿ ಉಳೀತಾಳಂದ್ರ ಬರೀರಿ ಟೀಚರ. ನಮ್ಮದೇನ ಹೋಗೂದೈತಿ?" ಎಂದಳು. ಮೊದಲ ಹೆಬ್ಬೆಟ್ಟು ಅವಳದೇ. ಎಲ್ಲರದೂ ಆದ ಮೇಲೆ ಕೊನೆಗೆ ನಾನು ಸಹಿ ಹಾಕಿದೆ.

ನೀನು ಇಲಿಗಳಿಗಾಗಿ ಊಟ ಬಿಟ್ಟಿದ್ದನ್ನು ಓದಿ ಅತ್ತುಬಿಟ್ಟೆ. ಆಮೇಲೆ ಉಂಡಿದ್ದನ್ನೂ ಓದಿದೆ.

ಪ್ರಮಿಳಾ


ಬೆಳಗಾವಿ
18 ನವೆಂಬರ್ 2024

ಅತ್ಯಾ, ಜಯಜಿನೇಂದ್ರ.

ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಇದಕ್ಕಾದರೂ ಬರೆಯುತ್ತೀರಿ ಎಂದುಕೊಂಡಿದ್ದೇನೆ, ಯಾಕೆಂದರೆ ಒಳ್ಳೆಯ ಸುದ್ದಿ ಇದೆ.

ನೌಕರಿ ಸಿಕ್ಕಿತು. ಪಕ್ಕಾ ಹುದ್ದೆ ಹೈದರಾಬಾದಿನವರಿಗೇ ಹೋಯಿತು. ನನ್ನದು ಒಂದು ವರ್ಷದ ಕರಾರು, ಮುಂದೆ ನೋಡೋಣ ಎಂದಿದ್ದಾರೆ. ಪೇಪರಿನಲ್ಲಿ ಸರ್ ಹೆಸರು ಮೊದಲು, ಆಮೇಲೆ ಔಷಧ ತಯಾರಿಸುವ ಕಂಪನಿಯವರಿಬ್ಬರು, ನಾಲ್ಕನೆಯದು ನಾನು. ಎಲುಬಿನ ಲೆಕ್ಕ ಹಾಕಿದವಳು ನಾನು, ರಕ್ತ ನೋಡಿದವಳು ನಾನು, ಬರೆದವಳೂ ನಾನು. ಬಾಗಿಲ ಮೇಲೆ ಹೆಸರಿನ ಫಲಕ ಬಂದಿದೆ ಎಂದು ಅಪ್ಪ ಪೇಢೆ ಹಂಚಿದರು. ಕರಾರಿನ ಮಾತು ಅವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಇನ್ನೊಂದು ಸುದ್ದಿ ಕೇಳಿ. ಕಂಪನಿ ಈಗ ಔಷಧವನ್ನು ಸಸ್ಯದ ಸಿಪ್ಪೆಯಲ್ಲಿ ತುಂಬುತ್ತಿದೆ! ಹೊರದೇಶಕ್ಕೆ ಕಳಿಸಬೇಕಂತೆ, ಅಲ್ಲಿಯವರು ಸಸ್ಯಾಹಾರದ ಗುರುತು ಕೇಳುತ್ತಾರಂತೆ. ನಾನು ಕೇಳಿದಾಗ ಒಂದು ವರ್ಷ ಹೋಗುತ್ತದೆ ಎಂದವರು ಈಗ ಎರಡೇ ತಿಂಗಳಲ್ಲಿ ಬದಲಿಸಿದರು. ಡಿಸೆಂಬರಿನಿಂದ ಖಾನಾಪುರ ತಾಲೂಕಿನಲ್ಲಿ ದೊಡ್ಡ ಪ್ರಯೋಗ ಶುರುವಾಗುತ್ತದೆ. ಈ ಸಲ ಬರೀ ಪುಡಿಯ ಗುಂಪಿಲ್ಲ, ಎಲುಬು ಸವೆದವರಿಗೆಲ್ಲ ಎರಡು ವರ್ಷ ಔಷಧ ಪುಕ್ಕಟೆ. ನೋಡಿಕೊಳ್ಳುವ ಹೊಣೆ ನನ್ನದು. ಬಹಳ ಗಡಿಬಿಡಿ.

ಒಮ್ಮೆ ಟಿಳಕವಾಡಿಗೆ ಬನ್ನಿ, ನಾಲ್ಕು ದಿನ ಇದ್ದು ಹೋಗುವಿರಂತೆ.

ಸ್ನೇಹಲ


ಬೆಳಗಾವಿ
20 ಜನವರಿ 2025

ಅತ್ಯಾ,

ಇನ್ನೂ ಸಿಟ್ಟೇ? ಅಪ್ಪನ ಹತ್ತಿರವೂ ನನ್ನ ಮಾತು ಎತ್ತುವುದಿಲ್ಲವಂತೆ. ನಿಮ್ಮ ಬೈಗುಳವಾದರೂ ಬರಲಿ.

ಸ್ನೇಹಲ


ಹಲಸಿ
4 ಫೆಬ್ರುವರಿ 2025

ಸ್ನೇಹಲ,

ಸಸ್ಯದ ಸಿಪ್ಪೆ ಎಂದು ನೀನು ಬರೆದದ್ದನ್ನು ನಾನೇ ಎರಡೂ ಓಣಿಯಲ್ಲಿ ಓದಿ ಹೇಳಿದೆ. ನಿನ್ನ ಮೇಲಿನ ಸಿಟ್ಟು ಅರ್ಧ ಇಳಿದಿತ್ತು. ನಮ್ಮ ಸಲುವಾಗಿ ಹುಡುಗಿ ಹಟ ಹಿಡಿದು ಮಾಡಿಸಿದ್ದಾಳೆ ಎಂದೇ ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿಯಬೇಕೆಂದು ಮನಸ್ಸು ಮಾಡಿದೆ.

ಡಿಸೆಂಬರಿನಲ್ಲಿ ಖಾನಾಪುರದಲ್ಲಿ ನಿಮ್ಮ ಶಿಬಿರ ಎಂದು ಕೇಳಿ ಟೆಂಪೋ ಮಾಡಿಕೊಂಡು ಹೋದೆವು. ಅಕ್ಕವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸರತಿಯಲ್ಲಿ ನಿಂತವರಿಗೆಲ್ಲ, "ಈ ಸಲ ಸಿಪ್ಪಿ ಗಿಡದ್ದೈತ್ರಿ, ನಮ್ಮ ಸ್ನೇಹಲ ಮಾಡಿಸ್ಯಾಳ" ಎಂದು ಹೇಳುತ್ತ ನಿಂತಳು. ನಮ್ಮ ಪಾಳಿ ಬಂತು. ನಾಗರತ್ನಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಟೀಚರ, ಹಲಸಿಯವರನ್ನ ತಗೊಳಾಕ ಬರೂದಿಲ್ರಿ. ಹಿಂದ ಆಸಕ್ತಿ ಇಲ್ಲಂತ ಬರಕೊಟ್ಟು ಬಿಟ್ಟವರದಾರ, ಆ ಊರ ಬ್ಯಾಡ ಅಂತ ಮ್ಯಾಲಿಂದ ಆರ್ಡರ್ ಐತಿ" ಎಂದಳು. ನಾನು ಜಗಳಕ್ಕೆ ನಿಂತೆ. ಅವಳು ಆ ಆರ್ಡರನ್ನು ನನ್ನ ಮುಂದೆ ಹಿಡಿದಳು. ಕೆಳಗೆ ನಿನ್ನ ಸಹಿ ಇತ್ತು.

ಒಂದನೆಯ ಇಯತ್ತೆಯಲ್ಲಿ ಕೈ ಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನು. ನಿನ್ನ ಬರಹ ನನಗೆ ಗುರುತು ಸಿಗುವುದಿಲ್ಲವೇ?

"ಯಾರ ಸಹೀರಿ ಅದು?" ಎಂದು ಹೆಣ್ಣುಮಕ್ಕಳು ಕೇಳಿದರು. "ಯಾರೋ ದೊಡ್ಡ ಸಾಹೇಬರದು" ಎಂದೆ. ಅದೇ ಟೆಂಪೋದಲ್ಲಿ ತಿರುಗಿ ಬಂದೆವು. ದಾರಿಯುದ್ದಕ್ಕೂ ಅವರು ಆ ಸಾಹೇಬನನ್ನು ಬೈದರು. ನಾನು ಕಿವಿ ಕೇಳದವಳ ಹಾಗೆ ಕುಳಿತಿದ್ದೆ.

ಸಂಕ್ರಾಂತಿಯ ಮರುದಿನ ಅಕ್ಕವ್ವ ಬಚ್ಚಲಲ್ಲಿ ಬಿದ್ದಳು. ತೊಡೆಯ ಸಂದು ಮುರಿಯಿತು. ಒಂದು ತಿಂಗಳ ಔಷಧದಿಂದ ಅವಳು ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ, ಅಷ್ಟು ತಿಳಿಯದವಳಲ್ಲ. ಆಪರೇಶನ್ ಆಗಿದೆ, ಮಲಗಿದಲ್ಲೇ ಎಲ್ಲ. ಇನ್ನೊಂದು ಬದಿಯೂ ಮುರಿಯಬಹುದು, ಹೊಸ ಪ್ರಯೋಗಕ್ಕೆ ಸೇರಿಸಿ ಎಂದು ಡಾಕ್ಟರು ನಿಮ್ಮ ಔಷಧದ ಹೆಸರನ್ನೇ ಹೇಳಿದ್ದಾರೆ. ಇನ್ನೂ ಅಂಗಡಿಗೆ ಬಂದಿಲ್ಲವಂತೆ, ಶಿಬಿರದಲ್ಲಷ್ಟೇ ಸಿಗುತ್ತದಂತೆ.

ನಿನ್ನೆ ನೋಡಲು ಹೋಗಿದ್ದೆ. ಕೈ ಹಿಡಿದುಕೊಂಡು, "ಹುಡುಗಿ ನೌಕರಿ ಗಟ್ಟಿ ಆತೇನ್ರಿ ಟೀಚರ?" ಎಂದು ಕೇಳಿದಳು. ಆತು ಎಂದೆ. "ಹಂಗಾರ ಆಕಿಗೆ ಒಂದ ಮಾತ ಬರೀರಿ. ಆ ಸಾಹೇಬಗ ಹೇಳಿ ನಮ್ಮನ್ನ ಸೇರಿಸಿಕೊಳ್ಳಂತ. ಆಕಿ ಹೇಳಿದರ ಕೇಳ್ತಾನ" ಎಂದಳು.

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆದಿದ್ದೇನೆ.

ಪ್ರಮಿಳಾ